ರಾತ್ರಿ ಪೆಟ್ಟಿಗೆಗೆ ಹಾಕು, ಬೆಳಿಗ್ಗೆ ದುಡ್ಡು: ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ

"ಹರಾಜು ಯಾರು ಕೂಗೋದು?" ಅಂತ ನಮ್ಮಪ್ಪ ಕೇಳಿದರು.

ಯುಗಾದಿಗೆ ಊರಿಗೆ ಹೋಗಿದ್ದೆ. ಊಟ ಆದಮೇಲೆ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ವಿಡಿಯೋ ಗೇಮ್ ಆಡುತ್ತಾ ಕೂತಿದ್ದೆ. ಅಪ್ಪ ಎಲೆ ಅಡಿಕೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಸ್ಕ್ರೀನಿನಲ್ಲಿ ನನ್ನ ಹೊಲ, ಹೊಲದಲ್ಲಿ ಎರಡು ಸಾಲು ಹೂಕೋಸು. ಒಂದೊಂದಾಗಿ ಕಿತ್ತು ಮನೆ ಪಕ್ಕದ ಮರದ ಪೆಟ್ಟಿಗೆಗೆ ಹಾಕಿದೆ. ಆಟದೊಳಗಿನ ಮನೆಗೆ ಹೋಗಿ ಮಲಗಿದೆ. ಕೂಡಲೇ ಲೆಕ್ಕ ಬಂತು, ದುಡ್ಡು ಜಮೆ ಆಯಿತು. ಅದಕ್ಕೇ ಅಪ್ಪ ಹರಾಜಿನ ಮಾತು ಎತ್ತಿದ್ದು.

"ಹರಾಜು ಇಲ್ಲಪ್ಪ. ರಾತ್ರಿ ಊರಿನ ಮೇಯರ್ ಬಂದು ತಗೊಂಡು ಹೋಗ್ತಾರೆ."

"ಕಮಿಷನ್ನು?"

"ಅದೂ ಇಲ್ಲ."

"ನಾಳೆ ಇದರ ಹತ್ತರಷ್ಟು ಹಾಕಿದ್ರೆ?"

"ಅದೇ ರೇಟು. ಸಾವಿರ ಹಾಕಿದ್ರೂ ಒಂದಕ್ಕೆ 175 ನಾಣ್ಯ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಂದು ದಿನ ಆಡಿ ತೋರ್ಸು" ಅಂದರು.

ಈ ಆಟವನ್ನು ನಾನು ಆರು ವರ್ಷದಿಂದ ಆಡುತ್ತಿದ್ದೇನೆ. ಒಟ್ಟು 400 ಗಂಟೆಗೂ ಜಾಸ್ತಿ ಆಗಿದೆ. ಯಾಕೆ ಇಷ್ಟ ಅಂತ ಸ್ನೇಹಿತರು ಕೇಳಿದಾಗಲೆಲ್ಲ "ಮನಸ್ಸಿಗೆ ಹಾಯಾಗಿರುತ್ತೆ" ಅಂತಷ್ಟೇ ಹೇಳುತ್ತಿದ್ದೆ. ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಆ ರಾತ್ರಿ ಜಗಲಿ ಮೇಲೆ.

ನಮ್ಮದು ಕೋಲಾರದ ಕಡೆ. ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ಲೆಕ್ಕ ನಡೆಯೋದು 15 ಕೆಜಿ ಬಾಕ್ಸಿನಲ್ಲಿ. ಚಿಕ್ಕವನಿದ್ದಾಗ ಅಪ್ಪನ ಜೊತೆ ಟೆಂಪೋದಲ್ಲಿ ಮಂಡಿಗೆ ಹೋಗುತ್ತಿದ್ದೆ. ಬಾಕ್ಸು ಇಳಿಸಿ, ಸಾಲಾಗಿ ಜೋಡಿಸಿ, ಹರಾಜು ಕೂಗುವವರು ನಮ್ಮ ಸಾಲಿಗೆ ಬರುವವರೆಗೆ ಕಾಯಬೇಕು. ಅರ್ಧ ನಿಮಿಷದಲ್ಲಿ ಕೂಗಿ ಮುಗಿಸುತ್ತಾರೆ. ಮೂರು ತಿಂಗಳ ಕೆಲಸದ ಬೆಲೆ ಆ ಅರ್ಧ ನಿಮಿಷದಲ್ಲಿ ತೀರ್ಮಾನ ಆಗುತ್ತೆ. 2023ರ ಜುಲೈನಲ್ಲಿ ಒಂದು ಬಾಕ್ಸು 2,000 ರೂಪಾಯಿ ದಾಟಿತ್ತು, ಎಲ್ಲ ಟಿವಿಯಲ್ಲೂ ಅದೇ ಸುದ್ದಿ. ಆ ವರ್ಷ ನಮ್ಮ ಹೊಲದಲ್ಲಿ ಎಲೆಕೋಸು ಇತ್ತು. ಬೇರೆ ಒಂದು ವರ್ಷ ಬಿಡಿಸುವ ಕೂಲಿ, ಟೆಂಪೋ ಬಾಡಿಗೆ ಕಳೆದರೆ ಕೈಗೆ ಏನೂ ಉಳಿಯಲ್ಲ ಅಂತ ಹಣ್ಣನ್ನು ಗಿಡದಲ್ಲೇ ಬಿಟ್ಟಿದ್ದೆವು. ಮನೆ ಹಿಂದೆ ಎರಡು ವಾರ ಕೊಳೆತ ವಾಸನೆ.

ಹೀಗೆ ಬೆಳೆದವನು ಬೆಂಗಳೂರಿನಲ್ಲಿ ಕೆಲಸ ಮುಗಿಸಿ, ಪಿಜಿ ರೂಮಿನಲ್ಲಿ ಕೂತು, ಮತ್ತೆ ಬೇಸಾಯದ ಆಟವನ್ನೇ ಯಾಕೆ ಆಡುತ್ತಾನೆ? ಆ ಪೆಟ್ಟಿಗೆಗೋಸ್ಕರ. ಬೆಳೆದಿದ್ದಕ್ಕೆ ಬೆಲೆ ಇರುವ ಊರು ಅದು. ಇವತ್ತು ಮೂಲಂಗಿ ತರದ ಆ ಪಾರ್ಸ್‌ನಿಪ್‌ಗೆ 35 ಇದ್ದರೆ ಮೂರು ವರ್ಷ ಆದಮೇಲೂ 35. ಚೆನ್ನಾಗಿ ಗೊಬ್ಬರ ಹಾಕಿ ಬೆಳೆದರೆ ನಕ್ಷತ್ರದ ಗುರುತು ಬೀಳುತ್ತೆ, ರೇಟು ಏರುತ್ತೆ. ಇಳಿಯೋದು ಮಾತ್ರ ಇಲ್ಲ. ಪಕ್ಕದ ಊರಿನವರೂ ಅದೇ ಬೆಳೆ ಹಾಕಿದ್ದಾರೆ ಅನ್ನುವ ಭಯ ಇಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ದೊಡ್ಡ ಕಂಪನಿಯಲ್ಲಿ ಬೇಸತ್ತ ಒಬ್ಬ ನೌಕರ, ತಾತ ಬಿಟ್ಟುಹೋದ ಪತ್ರ ಒಡೆದು ಓದಿ, ತಾತನ ಪಾಳುಬಿದ್ದ ಹೊಲಕ್ಕೆ ಬರುತ್ತಾನೆ. ಕೈಯಲ್ಲಿ 500 ನಾಣ್ಯ, ಮೇಯರ್ ಕೊಟ್ಟ 15 ಪಾರ್ಸ್‌ನಿಪ್ ಬೀಜ. ಹೊಲ ತುಂಬ ಕಲ್ಲು, ಕಳೆ, ಮರದ ಕೊರಡು. ವರ್ಷಕ್ಕೆ ನಾಲ್ಕು ಋತು, ಒಂದೊಂದಕ್ಕೂ 28 ದಿನ. ಋತು ಮುಗಿದ ಮರುದಿನ ಬೆಳಿಗ್ಗೆ, ಮುಂದಿನ ಋತುವಿಗೆ ಒಗ್ಗದ ಬೆಳೆ ಎಲ್ಲಾ ಒಣಗಿ ನಿಂತಿರುತ್ತೆ. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ವಸಂತದ 25ನೇ ದಿನ ಇದ್ದ ದುಡ್ಡೆಲ್ಲ ಹಾಕಿ ಆಲೂಗಡ್ಡೆ ನೆಟ್ಟೆ. ಆಲೂಗಡ್ಡೆಗೆ ಬೇಕಾಗಿದ್ದು 6 ದಿನ, ಉಳಿದಿದ್ದು 3. ತಾರೀಕು ನೋಡಿ ಬಿತ್ತಬೇಕು ಅನ್ನುವ ಪಾಠ ಆಟವೇ ಕಲಿಸಿತು, ಒಂದೇ ಸಲಕ್ಕೆ.

ಇದನ್ನು ಮಾಡಿದವರು ಎರಿಕ್ ಬ್ಯಾರೋನ್, ಅಮೆರಿಕದ ಸಿಯಾಟಲ್ ಕಡೆಯವರು. ಕಂಪ್ಯೂಟರ್ ಸೈನ್ಸ್ ಓದಿ ಕೆಲಸ ಸಿಗದೆ ಇದ್ದಾಗ, ಚಿಕ್ಕಂದಿನಲ್ಲಿ ಆಡಿದ ಹಾರ್ವೆಸ್ಟ್ ಮೂನ್ ಅನ್ನುವ ಬೇಸಾಯದ ಆಟದ ತರದ್ದೇ ಒಂದನ್ನು ತಾವೇ ಮಾಡೋಣ ಅಂತ ಶುರು ಮಾಡಿದರು. ನಾಲ್ಕೂವರೆ ವರ್ಷ ಒಬ್ಬರೇ ಕೂತರು. ಕೋಡ್ ಅವರದ್ದೇ, ಚಿತ್ರ ಅವರದ್ದೇ, ಸಂಗೀತ ಅವರದ್ದೇ, ಊರಿನ ಜನರ ಮಾತೂ ಅವರದ್ದೇ. ನಡುವೆ ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ ಮಾಡಿಕೊಂಡಿದ್ದರು. ಆಟ 2016ರ ಫೆಬ್ರವರಿ 26ರಂದು ಬಂತು. 2024ರ ಕೊನೆಗೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಗಿತ್ತು. ಇಷ್ಟು ದುಡ್ಡು ಮಾಡಿದ ಮೇಲೆ ಬೇರೆಯವರಾಗಿದ್ದರೆ ಹೊಸ ಹೊಲಕ್ಕೆ ಇಷ್ಟು, ಹೊಸ ಹಸುವಿಗೆ ಅಷ್ಟು ಅಂತ ಕೇಳುತ್ತಿದ್ದರು. ಇವರು 2020ರಲ್ಲಿ ಒಂದು ಇಡೀ ದ್ವೀಪವನ್ನೇ ಸೇರಿಸಿದರು, 2024ರಲ್ಲಿ ಇನ್ನೊಂದು ದೊಡ್ಡ ಅಪ್‌ಡೇಟ್ ಕೊಟ್ಟರು. ಎರಡಕ್ಕೂ ಒಂದು ಪೈಸೆ ತಗೊಂಡಿಲ್ಲ. ಬದುಕಿರುವವರೆಗೆ ಅಪ್‌ಡೇಟ್‌ಗೆ ದುಡ್ಡು ಕೇಳುವುದಿಲ್ಲ ಅಂತ ಮನೆತನದ ಹೆಸರಿನ ಮೇಲೆ ಆಣೆ ಮಾಡಿದ್ದಾರೆ. ನಾನು ಕೊಂಡಾಗ 500 ರೂಪಾಯಿಯೊಳಗೆ ಬಂದಿತ್ತು. ಆ ದುಡ್ಡಿಗೆ ಆರು ವರ್ಷದಿಂದ ಹೊಸದು ಸಿಗುತ್ತಲೇ ಇದೆ.

ಇದು ದೊಡ್ಡ ವಿಷಯ ಅಂತ ಯಾಕೆ ಅನ್ನುತ್ತೇನೆ ಅಂದರೆ, ಆಟದ ಲೋಕ ಈಗ ಬೇರೆ ದಾರಿ ಹಿಡಿದಿದೆ. ನಾನು ಆಡೋದು ಕಲಿತಿದ್ದು ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ವಿಡಿಯೋ ಗೇಮಿನಲ್ಲಿ. ಮಾರಿಯೋ, ಕಾಂಟ್ರಾ. ಆಮೇಲೆ ಕಾಲೇಜಿನಲ್ಲಿ ಸೈಬರ್ ಸೆಂಟರು, ಗಂಟೆಗೆ 15 ರೂಪಾಯಿ, ಹತ್ತು ಜನ ಸೇರಿ ಕೌಂಟರ್ ಸ್ಟ್ರೈಕ್. ಅಲ್ಲಿ ಗಂಟೆಯ ದುಡ್ಡು ಕೊಟ್ಟರೆ ಮುಗೀತು, ಆಟದೊಳಗೆ ಯಾರೂ ಕೈ ಚಾಚುತ್ತಿರಲಿಲ್ಲ. ಈಗ ಫೋನಿನಲ್ಲಿ ಬರುವ ಎಷ್ಟೋ ಆಟಗಳು ಫ್ರೀ ಅಂತ ಒಳಗೆ ಕರೆಯುತ್ತವೆ. ಒಳಗೆ ಹೋದ ಮೇಲೆ ಬಟ್ಟೆಗೆ ದುಡ್ಡು, ಬಂದೂಕಿನ ಬಣ್ಣಕ್ಕೆ ದುಡ್ಡು, ಅದೃಷ್ಟದ ಪೆಟ್ಟಿಗೆ ತೆರೆಯೋಕೆ ದುಡ್ಡು. ಇವತ್ತು ಬರದಿದ್ದರೆ ಇವತ್ತಿನ ಬಹುಮಾನ ಹೋಯಿತು ಅಂತ ದಿನಾ ನೋಟಿಫಿಕೇಶನ್. ನಮ್ಮ ಅಕ್ಕನ ಮಗ, ಏಳನೇ ಕ್ಲಾಸು, ಅಂಥದ್ದೊಂದು ಆಟದಲ್ಲಿ ಅಕ್ಕನ ಫೋನಿನಿಂದ ಎರಡೂವರೆ ಸಾವಿರ ಖರ್ಚು ಮಾಡಿದ್ದ. ಏಟು ಬಿತ್ತು, ಫೋನ್ ಕಿತ್ತುಕೊಂಡರು. ನನಗೆ ಸಿಟ್ಟು ಬಂದಿದ್ದು ಹುಡುಗನ ಮೇಲಲ್ಲ. ದೊಡ್ಡವರೇ ಕೂತು, ಲೆಕ್ಕ ಹಾಕಿ, ಮಕ್ಕಳ ಕೈ ಆ ಬಟನ್ನಿಗೆ ಹೋಗುವ ಹಾಗೆ ಮಾಡಿಟ್ಟಿರುತ್ತಾರೆ. ಮನೆಯಲ್ಲಿ "ಗೇಮ್ ಅಂದ್ರೆ ಹಾಳು" ಅನ್ನುವ ಮಾತು ಹುಟ್ಟೋದು ಇಂಥದ್ದರಿಂದಲೇ. ಆ ಮಾತು ಆಮೇಲೆ ಎಲ್ಲ ಆಟಕ್ಕೂ ಅಂಟಿಕೊಳ್ಳುತ್ತೆ.

ಈಗ ಅದೇ ಹುಡುಗ ರಜೆಯಲ್ಲಿ ಬಂದರೆ ನನ್ನ ಜೊತೆ ಸ್ಟಾರ್‌ಡ್ಯೂ ಆಡುತ್ತಾನೆ. ಒಂದೇ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ಎರಡು ಭಾಗ ಮಾಡಿಕೊಂಡು ಆಡಬಹುದು. ಅವನಿಗೆ ಗಣಿ ಇಷ್ಟ. 120 ಮಜಲು ಇಳಿಯಬೇಕು, ಪಿಕಾಸಿ ಹಿಡಿದು ಕಲ್ಲು ಒಡೆಯುತ್ತಾ ಹೋಗುತ್ತಾನೆ. ನಾನು ಮೇಲೆ ಕಳೆ ಕೀಳುತ್ತೇನೆ. ಅವನು ತಾಮ್ರ, ಕಬ್ಬಿಣ ತಂದುಕೊಟ್ಟರೆ ನಾನು ಸ್ಪ್ರಿಂಕ್ಲರ್ ಮಾಡುತ್ತೇನೆ.

ಸ್ಪ್ರಿಂಕ್ಲರ್ ಬಗ್ಗೆ ಹೇಳಲೇಬೇಕು. ಆಟದ ಶುರುವಿನಲ್ಲಿ ಕೈಯಲ್ಲಿ ಇರೋದು ಒಂದು ನೀರಿನ ಕ್ಯಾನು. ಒಂದೊಂದು ಗಿಡಕ್ಕೂ ಹೋಗಿ ನಿಂತು ನೀರು ಹಾಕಬೇಕು. ಕ್ಯಾನು 40 ಸಲಕ್ಕೆ ಖಾಲಿ, ಮತ್ತೆ ಕೆರೆಗೆ ಓಡಬೇಕು. ಮೈಯಲ್ಲಿ 270 ಶಕ್ತಿ, ಒಂದು ಸಲ ನೀರು ಹಾಕಿದರೆ 2 ಹೋಗುತ್ತೆ. ಎಪ್ಪತ್ತು ಎಂಬತ್ತು ಗಿಡ ಆಯಿತು ಅಂದರೆ ಅರ್ಧ ಶಕ್ತಿ ನೀರಿಗೇ ಮುಗಿಯಿತು. ಆಮೇಲೆ ಬೇಸಾಯದಲ್ಲಿ 6ನೇ ಹಂತ ಮುಟ್ಟಿದಾಗ ಒಳ್ಳೆ ಸ್ಪ್ರಿಂಕ್ಲರ್ ಸಿಗುತ್ತೆ. ಸುತ್ತಲಿನ 8 ಚೌಕಕ್ಕೆ ತಾನೇ ನೀರು ಬಿಡುತ್ತೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ನೆಲ ಒದ್ದೆ ಆಗಿ ಕಪ್ಪಗೆ ಕಾಣುತ್ತೆ. ನಮ್ಮ ಹೊಲಕ್ಕೆ ಡ್ರಿಪ್ ಹಾಕಿಸಿದ ಮೊದಲ ದಿನ ನಮ್ಮಮ್ಮ ಸುಮ್ನೆ ಸಾಲಿನ ತುದಿಯಲ್ಲಿ ನಿಂತು ಪೈಪಿನಿಂದ ಹನಿ ಬೀಳೋದನ್ನೇ ನೋಡುತ್ತಿದ್ದರು. ಆಟದಲ್ಲಿ ಮೊದಲ ಸ್ಪ್ರಿಂಕ್ಲರ್ ಇಟ್ಟ ಮರುದಿನ ಬೆಳಿಗ್ಗೆ ನನಗೆ ನೆನಪಾಗಿದ್ದು ಅದು. ಕಷ್ಟವನ್ನು ಮೊದಲು ಅನುಭವಿಸಲು ಬಿಟ್ಟು, ಆಮೇಲೆ ಸರಿಯಾದ ಹೊತ್ತಿಗೆ ಕೈಯಿಂದ ಇಳಿಸಿಕೊಳ್ಳುವುದು ಈ ಆಟಕ್ಕೆ ಚೆನ್ನಾಗಿ ಗೊತ್ತು.

ಬೇಸಾಯ ಅರ್ಧ ಆದರೆ ಊರು ಇನ್ನರ್ಧ. ಪೆಲಿಕನ್ ಟೌನ್ ಅಂತ ಹೆಸರು, ಮೂವತ್ತು ಚಿಲ್ಲರೆ ಜನ. ಎಲ್ಲರಿಗೂ ಹುಟ್ಟುಹಬ್ಬ ಇದೆ, ಇಷ್ಟದ ತಿಂಡಿ ಇದೆ, ಮನೆಯಲ್ಲಿ ಏನೋ ಒಂದು ನೋವು ಇದೆ. ಗುಡ್ಡದ ಹತ್ತಿರ ಗುಡಾರ ಹಾಕಿಕೊಂಡಿರುವ ಲೈನಸ್ ರಾತ್ರಿ ಹೊತ್ತು ಕಸದ ಡಬ್ಬಿಯಲ್ಲಿ ಊಟ ಹುಡುಕುತ್ತಾನೆ. ಕೆಂಟ್ ಅನ್ನುವವನು ಮೊದಲ ವರ್ಷ ಊರಲ್ಲೇ ಇರೋದಿಲ್ಲ, ಯುದ್ಧಕ್ಕೆ ಹೋಗಿರುತ್ತಾನೆ. ಎರಡನೇ ವರ್ಷ ವಾಪಸ್ ಬರುತ್ತಾನೆ. ಅವನ ಜೊತೆ ಸ್ವಲ್ಪ ಸ್ನೇಹ ಆದಮೇಲೆ ಒಂದು ದಿನ ಅವರ ಮನೆಗೆ ಹೋದೆ. ಹೆಂಡತಿ ಅಡುಗೆಮನೆಯಲ್ಲಿ ಪಾಪ್‌ಕಾರ್ನ್ ಮಾಡುತ್ತಿದ್ದಳು. ಆ ಸಿಡಿಯುವ ಸದ್ದು ಅವನಿಗೆ ತಡೆಯೋಕೆ ಆಗಲಿಲ್ಲ. ಹೆಂಡತಿಗೆ ಏನಾಯಿತು ಅಂತ ಅರ್ಥ ಆಗುವುದಿಲ್ಲ. ದೃಶ್ಯ ಎರಡು ನಿಮಿಷ ಕೂಡ ಇಲ್ಲ. ಬಂದೂಕು ಹಿಡಿದು ಗೆಲ್ಲುವ ಆಟಗಳನ್ನು ನಾನು ನೂರಾರು ಗಂಟೆ ಆಡಿದ್ದೇನೆ, ಅವೂ ನನಗೆ ಇಷ್ಟ. ಯುದ್ಧದಿಂದ ಮನೆಗೆ ಬಂದವನ ಅಡುಗೆಮನೆ ಹೇಗಿರುತ್ತೆ ಅಂತ ತೋರಿಸಿದ್ದು ಮಾತ್ರ ಈ ಹೊಲ ಉಳುವ ಆಟ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಆಡುವವರ ನಡುವೆ ಒಂದು ಜಾತಿ ಲೆಕ್ಕ ಇದೆ. ಬಾಸ್ ಅನ್ನುವ ದೊಡ್ಡ ಶತ್ರುವನ್ನು ಹೊಡೆಯುವ ಕಷ್ಟದ ಆಟ ಆಡಿದರೆ ನಿಜವಾದ ಗೇಮರ್. ಹಸು ಸಾಕುವ, ಗಿಡ ನೆಡುವ ಆಟ ಆಡಿದರೆ "ಅದೆಲ್ಲ ಹುಡುಗೀರ ಗೇಮು." ನನ್ನ ಆಫೀಸಿನಲ್ಲೇ ಎಷ್ಟೋ ಸಲ ಕೇಳಿದ್ದೇನೆ. ನಮ್ಮ ಟೀಮಿನ ಒಬ್ಬ ಹುಡುಗಿ ದಿನಾ ಎರಡು ಗಂಟೆ ಆಡುತ್ತಾಳೆ, ಆದರೂ "ನಾನು ಗೇಮರ್ ಅಲ್ಲ, ಸುಮ್ನೆ ಸ್ಟಾರ್‌ಡ್ಯೂ ಆಡ್ತೀನಿ" ಅನ್ನುತ್ತಾಳೆ. ಅವಳ ಬಾಯಲ್ಲಿ ಆ "ಸುಮ್ನೆ" ಅನ್ನುವ ಮಾತು ಬರುವ ಹಾಗೆ ಮಾಡಿದ್ದು ನಮ್ಮಂಥ ಆಟಗಾರರೇ. ಇದು ತಪ್ಪು. ಯಾವ ಆಟದಲ್ಲಿ ಸಾಯೋದು ಜಾಸ್ತಿ ಅನ್ನೋದು ಆಡುವವರ ಯೋಗ್ಯತೆ ಅಳೆಯುವ ಕೋಲು ಅಲ್ಲ.

ಇನ್ನೊಂದು ಚಾಳಿಯ ಬಗ್ಗೆಯೂ ಹೇಳಬೇಕು. ಈ ಆಟದ ಪ್ರತಿಯೊಂದು ಬೆಳೆಗೂ ದಿನಕ್ಕೆ ಎಷ್ಟು ಲಾಭ ಅಂತ ಪಟ್ಟಿ ಮಾಡಿದವರಿದ್ದಾರೆ. ಆ ಪಟ್ಟಿ ಪ್ರಕಾರ ಹೋದರೆ ಕೊನೆಗೆ ಎಲ್ಲರ ಹೊಲವೂ ಒಂದೇ ತರ ಆಗುತ್ತೆ. ಗ್ರೀನ್‌ಹೌಸ್ ತುಂಬ ಏನ್ಶಿಯಂಟ್ ಫ್ರೂಟ್ ಅನ್ನುವ ಒಂದೇ ಹಣ್ಣು, ಪಕ್ಕದ ಶೆಡ್ ತುಂಬ ಪೀಪಾಯಿ. 550ರ ಹಣ್ಣನ್ನು ಪೀಪಾಯಿಗೆ ಹಾಕಿದರೆ 1,650ರ ವೈನ್. ನನ್ನ ಎರಡನೇ ಹೊಲದಲ್ಲಿ ನಾನೂ ಹಾಗೇ ಮಾಡಿದೆ. ದುಡ್ಡು ಬಂತು. ಊರಿನವರ ಹುಟ್ಟುಹಬ್ಬ ಒಂದೂ ನೆನಪಿರಲಿಲ್ಲ. ವಾರಕ್ಕೊಮ್ಮೆ ಹಣ್ಣು ಕೀಳು, ಪೀಪಾಯಿ ತುಂಬು, ಮಲಗು. ಆ ಹೊಲವನ್ನು ಅಳಿಸಿ ಮತ್ತೆ 15 ಪಾರ್ಸ್‌ನಿಪ್ ಬೀಜದಿಂದ ಶುರು ಮಾಡಿದೆ. ಹೊಸದಾಗಿ ಆಡುವವರಿಗೆ ನನ್ನ ಮಾತು ಇಷ್ಟೇ, ಮೊದಲ ವರ್ಷ ಯಾವ ಪಟ್ಟಿಯನ್ನೂ ನೋಡಬೇಡಿ. ತಪ್ಪು ಬೆಳೆ ಹಾಕಿದರೂ ಈ ಊರಲ್ಲಿ ಸಾಲದವರು ಮನೆ ಬಾಗಿಲಿಗೆ ಬರೋದಿಲ್ಲ.

ಕೊರತೆಗಳೂ ಇವೆ. ಆಟದ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಕಂಪ್ಯೂಟರಿನಲ್ಲಿ ಸೇವ್ ಆಗೋದು ಮಲಗಿದಾಗ ಮಾತ್ರ. ನಡುವೆ ಕರೆಂಟ್ ಹೋದರೆ, ಇಲ್ಲ ಆಫೀಸಿನ ಕರೆ ಬಂದು ಆಟ ಮುಚ್ಚಿ ಎದ್ದು ಹೋಗಬೇಕಾದರೆ ಆ ದಿನದ ಕೆಲಸ ಹೋಯಿತು. ಮೀನು ಹಿಡಿಯೋದು ಮೊದಲ ವಾರ ತುಂಬ ಕಷ್ಟ. ಸ್ಕ್ರೀನಿನಲ್ಲಿ ಓಡುವ ಮೀನಿನ ಮೇಲೆ ಒಂದು ಹಸಿರು ಪಟ್ಟಿ ನಿಲ್ಲಿಸಬೇಕು, ಅದು ನಿಲ್ಲೋದೇ ಇಲ್ಲ, ಎಷ್ಟೋ ಜನ ಅಲ್ಲೇ ಬೇಸತ್ತು ಬಿಡುತ್ತಾರೆ. ಮೀನು ಹಿಡಿಯೋದರಲ್ಲಿ ಹಂತ ಏರಿದ ಹಾಗೆ ಪಟ್ಟಿ ದೊಡ್ಡದಾಗಿ ಸಲೀಸಾಗುತ್ತೆ. ಮದುವೆ ಆದಮೇಲೆ ಗಂಡನೋ ಹೆಂಡತಿಯೋ ಹೇಳಿದ ಮಾತನ್ನೇ ಹೇಳುತ್ತಾ ಓಡಾಡುತ್ತಾರೆ. ಅಷ್ಟು ಜೀವಂತ ಇದ್ದ ಮನುಷ್ಯ ಮನೆಗೆ ಬಂದ ಮೇಲೆ ಗೊಂಬೆ ಆಗಿಬಿಟ್ಟರೆ ಬೇಜಾರಾಗುತ್ತೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಭಾಷೆಯದ್ದು. ಆಟ 12 ಭಾಷೆಯಲ್ಲಿ ಇದೆ. ಟರ್ಕಿಶ್ ಇದೆ, ಹಂಗೇರಿಯನ್ ಇದೆ. ನಮ್ಮ ದೇಶದ ಒಂದು ಭಾಷೆಯೂ ಇಲ್ಲ. ಊರಿನ ಜನರ ಮಾತೇ ಜೀವ ಆಗಿರುವ ಆಟದಲ್ಲಿ ನಮ್ಮಪ್ಪನಿಗೆ ಒಂದು ಮಾತೂ ಓದೋಕೆ ಆಗುವುದಿಲ್ಲ. ನಾನು ಪಕ್ಕದಲ್ಲಿ ಕೂತು ಓದಿ ಹೇಳಬೇಕು. ಕೆಂಟ್ ಮನೆಯ ದೃಶ್ಯವನ್ನು ಹೀಗೇ ಹೇಳಿದೆ. ಲೈನಸ್‌ನ ಮಾತನ್ನೂ ಹೇಳಿದೆ. ಕನ್ನಡದಲ್ಲಿ ಹೇಳುವಾಗ ಅವರು ನಮ್ಮ ಊರಿನವರ ಹಾಗೇ ಕೇಳಿಸುತ್ತಿದ್ದರು. ಈ ಆಟ ಕನ್ನಡಕ್ಕೆ ಬಂದರೆ ಇನ್ನೊಂದು ಸಲ ದುಡ್ಡು ಕೊಟ್ಟು ಕೊಳ್ಳಲು ನಾನು ತಯಾರಿದ್ದೇನೆ.

ಕೊಳ್ಳುವವರಿಗೆ ಎರಡು ಮಾತು. ಇದಕ್ಕೆ ದುಬಾರಿ ಕಂಪ್ಯೂಟರ್ ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ. ನನ್ನದು ಹಳೇ ಲ್ಯಾಪ್‌ಟಾಪ್, ಸ್ಪ್ರೆಡ್‌ಶೀಟ್ ತೆರೆದರೇ ಫ್ಯಾನ್ ಸದ್ದು ಮಾಡುತ್ತೆ. ಅದರಲ್ಲೂ ಇದು ಎಲ್ಲೂ ನಿಲ್ಲದೆ ಓಡುತ್ತೆ. ಫೋನಿನಲ್ಲೂ ಸಿಗುತ್ತೆ, ಜಾಹೀರಾತು ಇಲ್ಲ, ಒಮ್ಮೆ ಕೊಂಡರೆ ಮುಗೀತು. ಬಸ್ಸಿನಲ್ಲಿ ಆಡುವವರಿಗೆ ಅದು ಸಾಕು. ಆದರೆ ಗಣಿಯಲ್ಲಿ ಹೊಡೆದಾಡೋದು, ಮೀನು ಹಿಡಿಯೋದು ಕೀಬೋರ್ಡ್ ಇಲ್ಲಾ ಕಂಟ್ರೋಲರಿನಲ್ಲೇ ಚೆನ್ನ.

ಯುಗಾದಿಯ ಮರುದಿನಕ್ಕೆ ಬರುತ್ತೇನೆ. ಅಪ್ಪ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದರು, "ಅದರಲ್ಲಿ ಟೊಮೆಟೊ ಇಲ್ವಾ?"

ಇದೆ. ಬೇಸಿಗೆ ಬೆಳೆ. ಬೀಜ 50, ಹಣ್ಣು 60. ನನ್ನ ಹೊಸ ಹೊಲದಲ್ಲಿ ವಸಂತ ಮುಗಿಯೋಕೆ ಎರಡು ದಿನ ಇತ್ತು. ಅಷ್ಟನ್ನು ಆಡಿ ಮುಗಿಸಿ, ಬೇಸಿಗೆಯ ಮೊದಲ ದಿನ ಪಿಯರ್ ಅಂಗಡಿಯಿಂದ 60 ಬೀಜ ತಂದೆ. ಅಪ್ಪ ಲೆಕ್ಕ ಕೇಳಿದರು. ಒಂದನೇ ತಾರೀಕು ನೆಟ್ಟರೆ 12ಕ್ಕೆ ಮೊದಲ ಬಿಡಿಸೋದು, ಆಮೇಲೆ ನಾಲ್ಕು ದಿನಕ್ಕೊಮ್ಮೆ. 12, 16, 20, 24, 28. ಐದು ಸಲ. ಒಂದು ಗಿಡಕ್ಕೆ 300.

"ಅಂಗಮಾರಿ?"

"ರೋಗ ಇಲ್ಲಪ್ಪ. ಕಾಗೆ ಕಾಟ ಇದೆ. ಬೆದರುಬೊಂಬೆ ಇಟ್ಟರೆ ಬರಲ್ಲ."

"ಮಳೆ?"

"ಹಿಂದಿನ ದಿನಾನೇ ಟಿವಿಯಲ್ಲಿ ಹೇಳ್ತಾರೆ. ಹೇಳಿದ್ರೆ ಬಂದೇ ಬರುತ್ತೆ."

ಅಪ್ಪ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಆರು ಸಾಲನ್ನು ಒತ್ತೊತ್ತಾಗಿ ಅಗೆದಿದ್ದೆ. ಎರಡು ಸಾಲಿಗೊಂದು ದಾರಿ ಬಿಡು ಅಂದರು. ಈ ಆಟದಲ್ಲಿ ಟೊಮೆಟೊ ಗಿಡದ ನಡುವೆಯೇ ನಡೆದು ಹೋಗಬಹುದು, ದಾರಿ ಬೇಕಾಗಿಲ್ಲ ಅಂತ ಹೇಳಿದೆ. "ಇರ್ಲಿ, ಬಿಡು. ಬಾಕ್ಸು ಹೊರೋರಿಗೆ ಬೇಕು" ಅಂದರು. ದಾರಿ ಬಿಟ್ಟು ನೆಟ್ಟೆವು. ನೀರು ಹಾಕುವ ಬಟನ್ ಯಾವುದು ಅಂತ ತೋರಿಸಿದೆ. ಅರವತ್ತು ಗಿಡಕ್ಕೂ ಅವರೇ ಹಾಕಿದರು, ಕೆರೆಗೆ ಹೋಗಿ ಕ್ಯಾನು ತುಂಬಿಸಿಕೊಂಡು ಬಂದು.

ನಾನು ಬೆಂಗಳೂರಿಗೆ ವಾಪಸ್ ಬಂದು ಎರಡು ವಾರ ಆಯಿತು. ಕೆಲಸ ಜಾಸ್ತಿ, ಆಟ ತೆರೆದಿಲ್ಲ. ಮೊನ್ನೆ ಫೋನ್ ಮಾಡಿದ ಅಪ್ಪ ಬೋರ್‌ವೆಲ್ ಮೋಟರ್ ರಿಪೇರಿ ವಿಷಯ ಮಾತಾಡಿದರು, ಅಮ್ಮನ ಮಂಡಿ ನೋವಿನ ವಿಷಯ ಮಾತಾಡಿದರು. ಇಡುವ ಮುಂಚೆ ಕೇಳಿದರು, "ಟೊಮೆಟೊ ಬಿಡಿಸಿದೆಯೇನೋ?"